ಕರಾಚಿಯಿಂದ ಮುಂಬಯಿಗೆ ಎಷ್ಟು ದೂರ?

ಒಂದೂರಿನಿಂದ ಇನ್ನೊಂದೂರಿಗೆ ಎಷ್ಟು ದೂರವೆಂದು ಕೇಳಿದರೆ, ನಮ್ಮ ಹಿರಿಯರು ಇಷ್ಟು ಹರದಾರಿಯೆಂದು ಹೇಳಿ ಸುಮ್ಮನಾಗುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಸೇರಬಹುದೇ, ಬುತ್ತಿ ಕಟ್ಟಿಕೊಳ್ಳಬೇಕೇ, ನಡುವೆ ಹೊಳೆಯುಂಟೇ ಎಂಬುದನ್ನೂ ಹೇಳುತ್ತಿದ್ದರು. ದೂರವೆಂಬುದು ಕಾಲದ ಮಾತೂ ದಾರಿಯ ಮಾತೂ ಹೌದೆಂದು ಅವರು ಬಲ್ಲರು. ಕರಾಚಿ ಮತ್ತು ಮುಂಬಯಿ ನಗರಗಳ ಕಥೆಯನ್ನು ಕೇಳಿದವರಿಗೆ ಈ ಹಳೆಯ ಲೆಕ್ಕವೇ ಸರಿಯೆನಿಸೀತು.

ಈ ಎರಡು ನಗರಗಳಿಗೆ ನೇರ ಗೆರೆಯಲ್ಲಿ ಸುಮಾರು 550 ಮೈಲಿಗಳ ಅಂತರ. 1929ರ ಮಾರ್ಚ್ 30ರಂದು ಲಂಡನ್ನಿನ ಕ್ರಾಯ್ಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯ ಅಂಚೆ ಕರಾಚಿಗೆ ಹೊರಟಿತು. ದಾರಿಯಲ್ಲಿ ಕೆಲವು ಭಾಗವನ್ನು ರೈಲಿನಲ್ಲಿಯೇ ಕ್ರಮಿಸಬೇಕಾಗಿದ್ದರೂ, 5,000 ಮೈಲಿಗಳ ಈ ಪಯಣವು ಒಂದು ವಾರದಲ್ಲಿ ಮುಗಿಯುತ್ತಿತ್ತು. ಆದರೆ ಸಮುದ್ರಗಳನ್ನು ದಾಟಿ ಬಂದ ಕಾಗದವು ಕರಾಚಿಯಲ್ಲಿಳಿದು, ಮುಂಬಯಿ, ಮದ್ರಾಸುಗಳಿಗೆ ಮತ್ತೆ ನೆಲದ ದಾರಿಯನ್ನೇ ಹಿಡಿಯಬೇಕಾಗಿತ್ತು!

ಈ ಕೊರತೆಯನ್ನು ನೀಗಿಸಲು ಹೊರಟವರು ಜೆ. ಆರ್. ಡಿ. ಟಾಟಾ ಅವರು. 1932ರ ಅಕ್ಟೋಬರ್ 15ರಂದು ಬೆಳಿಗ್ಗೆ 6 ಗಂಟೆ 35 ನಿಮಿಷಕ್ಕೆ ಅವರು ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ‘ಪುಸ್ ಮಾತ್’ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನವನ್ನೇರಿದರು. ಹೊರೆಯೆಲ್ಲವೂ 55 ಪೌಂಡುಗಳ ಅಂಚೆ. ಒಂದು ಮೂಟೆ ಅಕ್ಕಿಗಿಂತಲೂ ಹಗುರ. ರೇಡಿಯೋ ಇಲ್ಲ, ದಾರಿ ತೋರಿಸುವ ಉಪಕರಣಗಳಿಲ್ಲ. ಕಣ್ಣಿಗೆ ಗಾಗಲ್ಸ್, ಲೆಕ್ಕಕ್ಕೆ ಸ್ಲೈಡ್ ರೂಲ್. ವೇಗವು ಗಂಟೆಗೆ ಸುಮಾರು 100 ಮೈಲಿ. ಪೆಟ್ರೋಲಿಗಾಗಿ ಅಹಮದಾಬಾದಿನಲ್ಲಿ ಇಳಿಯಬೇಕಾದುದರಿಂದ ದಾರಿಯು 650 ಮೈಲಿಗಳಷ್ಟಾಯಿತು. ಅಲ್ಲಿ ನಾಲ್ಕು ಗ್ಯಾಲನ್ನಿನ ಡಬ್ಬಿಗಳಲ್ಲಿ ಪೆಟ್ರೋಲನ್ನು ಹೊತ್ತು ತಂದುದು ಎತ್ತಿನ ಗಾಡಿ! ಹೊಸ ಯುಗದ ವಾಹನವು ಹಳೆಯ ಯುಗದ ವಾಹನಕ್ಕಾಗಿ ಕಾದು ನಿಂತ ಆ ನೋಟವನ್ನು ಶ್ರೋತೃಗಳು ಊಹಿಸಿಕೊಳ್ಳಬಹುದು. ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ವಿಮಾನವು ಮುಂಬಯಿಯ ಜುಹುವಿನಲ್ಲಿ ಇಳಿಯಿತು. ಒಟ್ಟು ಏಳೂಕಾಲು ಗಂಟೆ. ಅಲ್ಲಿಂದ ಮುಂದಕ್ಕೆ ಅಂಚೆಯನ್ನು ನೆವಿಲ್ ವಿನ್ಸೆಂಟ್ ಅವರು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಮುಟ್ಟಿಸಿದರು. ಕನ್ನಡನಾಡು ಭಾರತದ ಮೊದಲ ವಿಮಾನದಾರಿಗಳಲ್ಲೊಂದರ ತಂಗುದಾಣವಾದುದು ಹೀಗೆ.

ಜುಹುವಿನದು ಕಡಲಂಚಿನ ಕೆಸರು ನೆಲ. ಮಳೆಗಾಲ ಬಂದೊಡನೆ ವಿಮಾನಗಳು ಪುಣೆಗೆ ವಲಸೆ ಹೋಗುತ್ತಿದ್ದವು. ಆದರೂ ದಾರಿ ತೆರೆದಿತ್ತು.

1947ರಲ್ಲಿ ನಡುವೆ ಗಡಿಯೊಂದು ಬಿದ್ದಿತು. 1982ರ ಅಕ್ಟೋಬರ್ 15ರಂದು, 78ರ ವಯಸ್ಸಿನಲ್ಲಿ, ಟಾಟಾ ಅವರು ಹಳೆಯ ‘ಲೆಪರ್ಡ್ ಮಾತ್’ ವಿಮಾನದಲ್ಲಿ ಒಬ್ಬರೇ ಕರಾಚಿಯಿಂದ ಮುಂಬಯಿಗೆ ಮತ್ತೆ ಹಾರಿದರು. ಆ ವೇಳೆಗೆ ಜೆಟ್ ವಿಮಾನಕ್ಕೆ ಇದು ಒಂದೂವರೆ ಗಂಟೆಯೊಳಗಿನ ದಾರಿಯಾಗಿತ್ತು. ಊಟದ ತಟ್ಟೆಯನ್ನು ತೆಗೆಯುವುದರೊಳಗೆ ಊರು ಬರುವಷ್ಟು ಸಮೀಪ. ಮುಂದೆ ನೇರ ಸಂಚಾರವೇ ನಿಂತುಹೋಯಿತು. 2025ರ ಏಪ್ರಿಲ್‌ನಲ್ಲಿ ಉಭಯ ದೇಶಗಳೂ ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ಆ ವರ್ಷ ಕರಾಚಿಯಿಂದ ಮುಂಬಯಿಗೆ ವಿಮಾನದಲ್ಲಿ ಬರಬೇಕಾದವನು ಮೊದಲು ಪಶ್ಚಿಮಕ್ಕೆ ಮುಖಮಾಡಿ, ದುಬೈಯಂಥ ಮೂರನೆಯ ಊರಿಗೆ ಹೋಗಿ, ಅಲ್ಲಿ ಕಾದು, ಅರಬ್ಬೀ ಸಮುದ್ರವನ್ನು ದಾಟಿ ಹಿಂದಿರುಗಬೇಕಾಗಿತ್ತು. ಎತ್ತಿನ ಗಾಡಿಯಿಂದ ಪೆಟ್ರೋಲು ತುಂಬಿಸಿಕೊಂಡು ಬಂದ ಆ ಪುಟ್ಟ ವಿಮಾನದ ಏಳೂಕಾಲು ಗಂಟೆಯೊಳಗೆ ಅವನು ಬಂದು ಸೇರುವುದು ಸುಲಭವಾಗಿರಲಿಲ್ಲ.