ತುರ್ತು ವೈದ್ಯಕೀಯ ಸೇವೆ: ವೃತ್ತಿಪರತೆ ಮತ್ತು ನಿರಂತರ ಶಿಕ್ಷಣ (ಠಾಣೆ ವಲಯ)

ರೋಗಿಯನ್ನು ಆಸ್ಪತ್ರೆಗೆ ಸೇರಿಸುವ ಮೊದಲೇ ಒದಗಿಸುವ ಜೀವರಕ್ಷಕ ಚಿಕಿತ್ಸೆ. ಕನ್ನಡಿಗರು ಗಣನೀಯವಾಗಿ ನೆಲೆಸಿರುವ ಡೊಂಬಿವಲಿಯೂ ಸೇರಿದಂತೆ ಠಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಇದರ ಮುಖ್ಯ ಸಾರ್ವಜನಿಕ ರೂಪ, 2014ರಲ್ಲಿ ಆರಂಭವಾದ ಮಹಾರಾಷ್ಟ್ರದ 108 ಆಂಬುಲೆನ್ಸ್ ಸೇವೆ. ಕರ್ನಾಟಕದ ‘ಆರೋಗ್ಯ ಕವಚ’ (2008) ತರಬೇತಾದ ತಂತ್ರಜ್ಞರನ್ನು ನೆಚ್ಚಿಕೊಂಡರೆ, ಮಹಾರಾಷ್ಟ್ರ ವಾಹನದಲ್ಲೇ ವೈದ್ಯರನ್ನು ಕಳಿಸುವ ಕ್ರಮವನ್ನು ಆರಿಸಿಕೊಂಡಿತು.

ವೈದ್ಯರೇ ಇರುವಾಗ ಮರುತರಬೇತಿ ಏಕೆ ಎಂಬ ಆಕ್ಷೇಪ ಸಹಜ. ಆದರೆ ಪದವಿ ಒಮ್ಮೆ ದೊರೆತರೆ ಉಳಿಯುತ್ತದೆ, ಕೈಚಳಕ ಉಳಿಯುವುದಿಲ್ಲ. ಹೃದಯ ಸ್ತಂಭನದಲ್ಲಿ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂ.ಮೀ. ಆಳಕ್ಕೆ ಒತ್ತಬೇಕು, ಅಭ್ಯಾಸ ತಪ್ಪಿದರೆ ಈ ಕೌಶಲ ಕೆಲವೇ ತಿಂಗಳುಗಳಲ್ಲಿ ಕುಂದುತ್ತದೆಂದು ಅಧ್ಯಯನಗಳು ತೋರಿಸಿವೆ. ವಿಧಾನಗಳೂ ಬದಲಾಗುತ್ತವೆ: ಉಸಿರು ಕೊಡುವುದಕ್ಕಿಂತ ಮೊದಲು ಎದೆ ಒತ್ತಬೇಕೆಂಬ ಸೂಚನೆ ಬಂದದ್ದು 2010ರಲ್ಲಿ. ಸ್ಥಳೀಯ ಅಪಾಯಗಳೂ ವಿಶೇಷ ಸಿದ್ಧತೆ ಬೇಡುತ್ತವೆ. ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ 2016 ಮತ್ತು 2024ರ ಮೇ ತಿಂಗಳುಗಳಲ್ಲಿ ನಡೆದ ಕಾರ್ಖಾನೆ ಸ್ಫೋಟಗಳಂಥ ಸಂದರ್ಭದಲ್ಲಿ, ಹಲವು ಗಾಯಾಳುಗಳಲ್ಲಿ ಯಾರಿಗೆ ಮೊದಲ ಚಿಕಿತ್ಸೆ ಎಂಬ ನಿರ್ಧಾರ ಪೂರ್ವಾಭ್ಯಾಸವಿಲ್ಲದೆ ಬರುವುದಿಲ್ಲ.

ಪಾಳಿ ಕೆಲಸದ ಒತ್ತಡದಲ್ಲಿ ಬಿಡುವಿಲ್ಲವೆಂಬ ಮಾತು ನಿಜ. ಅದಕ್ಕೆ ಉತ್ತರ ಪಾಳಿಯೊಳಗೇ ನಡೆಯುವ ಕಿರು ಅಭ್ಯಾಸ, ತರಬೇತಿ ಕೈಬಿಡುವುದಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯಿದೆ ತುರ್ತು ವೈದ್ಯಕೀಯ ತಂತ್ರಜ್ಞರನ್ನೂ ವೃತ್ತಿಪರರೆಂದು ಗುರುತಿಸಿದೆ. ನಿಯತ ಮರುತರಬೇತಿಯನ್ನು ಸೇವಾ ನಿಯಮವಾಗಿಸಿದಾಗಲೇ ಆ ಮನ್ನಣೆ ಸಾರ್ಥಕ.