ಹೀಟ್ ಸಿಂಕಿಗೆ ಅಂಟಿಕೊಂಡ ಪ್ರೊಸೆಸರನ್ನು ಬಿಡಿಸುವ ಬಗೆ

ಗಣಕಯಂತ್ರದ ಮಿದುಳೆಂದು ಕರೆಯಲಾಗುವ ಪ್ರೊಸೆಸರು ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೀರಿ ಗಾಳಿಗೆ ಬಿಡುವ, ಅಲ್ಯೂಮಿನಿಯಂ ಅಥವಾ ತಾಮ್ರದ ರೆಕ್ಕೆಗಳುಳ್ಳ ಲೋಹದ ಗಟ್ಟಿಗೆ ಹೀಟ್ ಸಿಂಕ್ ಎಂದು ಹೆಸರು. ಇವೆರಡರ ನಡುವೆ ಥರ್ಮಲ್ ಪೇಸ್ಟ್ ಎಂಬ ತೆಳುವಾದ ಲೇಪವಿರುತ್ತದೆ. ಕೆಲವು ವರ್ಷಗಳು ಕಳೆದ ಮೇಲೆ ಈ ಲೇಪವು ಒಣಗಿ ಅಂಟಿನಂತಾಗುವುದುಂಟು. ಆಗ ಧೂಳು ತೆಗೆಯಲೆಂದು ಹೀಟ್ ಸಿಂಕನ್ನು ಮೇಲೆತ್ತಿದರೆ ಪ್ರೊಸೆಸರೂ ಅದರ ಜೊತೆಯಲ್ಲೇ ಸಾಕೆಟ್ಟಿನಿಂದ ಕಿತ್ತು ಬರುತ್ತದೆ. ಸಾವಿರಾರು ರೂಪಾಯಿ ಬೆಲೆಯ ವಸ್ತು ಕೈಯಲ್ಲಿ ತಲೆಕೆಳಗಾಗಿ ನೇತಾಡುವುದನ್ನು ಕಂಡು ಗಾಬರಿಯಾಗುವುದು ಸಹಜ. ಆದರೆ ಹೆಚ್ಚಿನ ಹಾನಿಯಾಗುವುದು ಈ ಘಟನೆಯಿಂದಲ್ಲ, ಗಾಬರಿಯಲ್ಲಿ ನಾವು ಅನಂತರ ಮಾಡುವ ಬಲಪ್ರಯೋಗದಿಂದ. ಇನ್ನೊಂದು ಸಮಾಧಾನದ ಸಂಗತಿಯೆಂದರೆ ಮಕ್ಕಳ ಫೋಟೋಗಳು, ಮದುವೆಯ ವಿಡಿಯೋ, ಮನೆಯ ಲೆಕ್ಕಪತ್ರ ಇವೆಲ್ಲ ಇರುವುದು ಡಿಸ್ಕಿನಲ್ಲಿ, ಪ್ರೊಸೆಸರಿನಲ್ಲಲ್ಲ.

ಲೋಹಕ್ಕೆ ಲೋಹ ತಾಗಿರುವಾಗ ನಡುವೆ ಪೇಸ್ಟ್ ಏಕೆ ಬೇಕು ಎಂದು ಕೇಳುವವರಿದ್ದಾರೆ. ನುಣುಪಾಗಿ ಕಾಣುವ ಲೋಹದ ಮೈಯಲ್ಲೂ ಕಣ್ಣಿಗೆ ಕಾಣದ ಹಳ್ಳದಿಣ್ಣೆಗಳಿರುತ್ತವೆ, ಆ ಹಳ್ಳಗಳಲ್ಲಿ ಗಾಳಿ ನಿಲ್ಲುತ್ತದೆ. ಶಾಖವನ್ನು ಸಾಗಿಸುವುದರಲ್ಲಿ ಗಾಳಿಯ ಸಾಮರ್ಥ್ಯ ತಾಮ್ರದ ಸುಮಾರು 15,000ದಲ್ಲಿ ಒಂದು ಪಾಲು ಮಾತ್ರ. ಆ ಗಾಳಿಯನ್ನು ಹೊರದೂಡಿ ಜಾಗ ತುಂಬುವುದೇ ಪೇಸ್ಟಿನ ಕೆಲಸ. ಸಾಮಾನ್ಯವಾಗಿ ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಅಥವಾ ಅಲ್ಯೂಮಿನಿಯಂನ ಆಕ್ಸೈಡಿನ ಪುಡಿಯನ್ನು ಕಲಸಿ ಇದನ್ನು ತಯಾರಿಸುತ್ತಾರೆ. ದಿನವೂ ಬಿಸಿಯಾಗಿ ತಣಿಯುತ್ತಾ ಹೋದಂತೆ ಎಣ್ಣೆಯ ಅಂಶ ಅಂಚಿಗೆ ಸರಿದು, ನಡುವೆ ಗಟ್ಟಿಯಾದ ಪುಡಿ ಉಳಿಯುತ್ತದೆ.

ಆಂಧ್ರದ ವಿಶಾಖಪಟ್ಟಣ ಮತ್ತು ವಿಜಯವಾಡಗಳೆರಡರಲ್ಲೂ ಹಳೆಯ ಪೇಟೆಗೆ ಒನ್ ಟೌನ್ ಎಂದೇ ಹೆಸರು. ಅಂತಹ ಕಡೆ ನೆಲೆಸಿದ ನಮ್ಮವರ ಮನೆ, ಅಂಗಡಿ, ಹೋಟೆಲುಗಳಲ್ಲಿರುವ ಯಂತ್ರಗಳಿಗೆ ಈ ತೊಂದರೆ ಸ್ವಲ್ಪ ಬೇಗನೆ ಬಂದರೆ ಆಶ್ಚರ್ಯವಿಲ್ಲ. ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಕೋಣೆಯ ಗಾಳಿಗಿಂತ ತಂಪಾಗಿ ಪ್ರೊಸೆಸರನ್ನು ಇಡಲಾರದು. ಇಂದ್ರಕೀಲಾದ್ರಿಯ ಮಗ್ಗುಲಿನ ವಿಜಯವಾಡದ ಒನ್ ಟೌನಿನಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಯಂತ್ರದ ಲೆಕ್ಕ ಶುರುವಾಗುವುದೇ 40ರಿಂದ. ಸಗಟು ವ್ಯಾಪಾರದ ಇಕ್ಕಟ್ಟಾದ ಬೀದಿಗಳ ಧೂಳು ಬೇರೆ. ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಬಿಲ್ಲು ಹಾಕುವ ಕಂಪ್ಯೂಟರಾದರೆ ಅಡುಗೆಮನೆಯ ಎಣ್ಣೆಹೊಗೆಗೆ ಧೂಳು ಸೇರಿ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ವಿಶಾಖಪಟ್ಟಣದ ಒನ್ ಟೌನಿನ ಪಾಡೇ ಬೇರೆ. ಅಲ್ಲಿ ಬಿಸಿಲು ಅಷ್ಟು ಏರುವುದಿಲ್ಲ, ಆದರೆ 1933ರಲ್ಲಿ ಆರಂಭವಾದ ಬಂದರಿನ ಮಗ್ಗುಲಲ್ಲೇ ಇರುವ ಪೇಟೆಯಾದ್ದರಿಂದ ಉಪ್ಪುಗಾಳಿ ತಪ್ಪಿದ್ದಲ್ಲ. ಉಕ್ಕಿನ ಕ್ಲಿಪ್ಪು, ತಿರುಪುಗಳು ತುಕ್ಕು ಹಿಡಿಯುತ್ತವೆ, ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿಳಿಯ ಪುಡಿ ಏಳುತ್ತದೆ. ತುಕ್ಕು ಹಿಡಿದ ಕ್ಲಿಪ್ಪಿನ ಮೇಲೆ ಬಲ ಹಾಕುವ ಭರದಲ್ಲೇ ಪ್ರೊಸೆಸರು ಕಿತ್ತು ಬರುವುದುಂಟು.

ಎಲ್ಲ ಯಂತ್ರಗಳಿಗೂ ಈ ಅಪಾಯ ಸಮನಾಗಿಲ್ಲ. ಇಂಟೆಲ್ ಸಂಸ್ಥೆ 2004ರಲ್ಲಿ ತಂದ 775ರ ಸಾಕೆಟ್ಟಿನಿಂದೀಚೆಗೆ ಅದರ ಮೇಜಿನ ಕಂಪ್ಯೂಟರುಗಳಲ್ಲಿ ಸೂಜಿಯಂತಹ ಪಿನ್ನುಗಳು ಮದರ್‌ಬೋರ್ಡಿಗೆ ಹೋದವು, ಪ್ರೊಸೆಸರನ್ನು ಒಂದು ಲೋಹದ ಚೌಕಟ್ಟು ಒತ್ತಿ ಹಿಡಿಯಿತು. ಹಾಗಾಗಿ ಅಲ್ಲಿ ಪ್ರೊಸೆಸರು ಕಿತ್ತು ಬರುವುದು ಅಪರೂಪ. ಅದಕ್ಕೂ ಹಿಂದಿನ ಪೆಂಟಿಯಂ 4ರ 478 ಪಿನ್ನಿನ ಸಾಕೆಟ್ಟಿನಲ್ಲಿ ಈ ತೊಂದರೆ ಇತ್ತು. ಎಎಂಡಿ ಸಂಸ್ಥೆಯಾದರೋ ಪಿನ್ನುಗಳನ್ನು ಪ್ರೊಸೆಸರಿನ ಅಡಿಯಲ್ಲೇ ಇಡುವ ಪದ್ಧತಿಯನ್ನು ಬಹುಕಾಲ ಮುಂದುವರಿಸಿತು. ಇಂದಿಗೂ ಅನೇಕ ಮನೆಗಳಲ್ಲಿರುವ ಎಎಂ4 ಬಗೆಯ ರೈಜನ್ ಪ್ರೊಸೆಸರುಗಳಲ್ಲಿ ನಾಲ್ಕು ಸೆಂಟಿಮೀಟರ್ ಚೌಕದ ಜಾಗದಲ್ಲಿ 1,331 ಪಿನ್ನುಗಳಿವೆ. ಮೇಲೆ ಒತ್ತುವ ಚೌಕಟ್ಟಿಲ್ಲ, ಪಿನ್ನುಗಳ ಬಿಗಿತವೊಂದೇ ಆಧಾರ. ಬಿಡಿಸುವ ಸನ್ನೆಯೋ ಹೀಟ್ ಸಿಂಕಿನ ಅಡಿಯಲ್ಲಿ ಅಡಗಿರುತ್ತದೆ! 2022ರ ಎಎಂ5 ಸಾಕೆಟ್ಟಿನಲ್ಲಿ ಎಎಂಡಿಯೂ ಚೌಕಟ್ಟಿನ ಪದ್ಧತಿಗೆ ಬಂದಿತು.

ಮೊದಲು ಮುನ್ನೆಚ್ಚರಿಕೆಯನ್ನು ಹೇಳಬೇಕು. ಬಿಚ್ಚುವ ಮುನ್ನ ಯಂತ್ರಕ್ಕೆ ಹತ್ತು ಹದಿನೈದು ನಿಮಿಷ ತುಸು ಭಾರವಾದ ಕೆಲಸ ಕೊಟ್ಟರೆ ಪೇಸ್ಟ್ ಮೆದುವಾಗುತ್ತದೆ. ಅನಂತರ ಯಂತ್ರವನ್ನು ನಿಲ್ಲಿಸಿ, ವಿದ್ಯುತ್ತಿನ ತಂತಿಯನ್ನು ಕಿತ್ತು, ಕ್ಯಾಬಿನೆಟ್ಟಿನ ಬರಿಯ ಲೋಹವನ್ನೊಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಬಿಸಿ ಆರುವ ಮೊದಲೇ ಕ್ಲಿಪ್ಪನ್ನು ಬಿಚ್ಚಬೇಕು. ಇಲ್ಲಿಯೇ ಇರುವುದು ಗುಟ್ಟು: ಹೀಟ್ ಸಿಂಕನ್ನು ಮೇಲಕ್ಕೆ ಎಳೆಯಬಾರದು. ಎಡಕ್ಕೂ ಬಲಕ್ಕೂ ಮೆಲ್ಲನೆ, ಒಂದೆರಡು ಮಿಲಿಮೀಟರಿನಷ್ಟು ತಿರುಗಿಸುತ್ತಾ ಹಿಡಿತ ಸಡಿಲವಾದದ್ದು ಕೈಗೆ ತಿಳಿದ ಮೇಲೆಯೇ ಎತ್ತಬೇಕು. ಒದ್ದೆಯಾದ ಎರಡು ಗಾಜಿನ ತುಂಡುಗಳು ಅಂಟಿಕೊಂಡಾಗ ನೇರವಾಗಿ ಎಳೆದರೆ ಬಿಡದೆ, ಜಾರಿಸಿದರೆ ಸುಲಭವಾಗಿ ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಇದೂ ಹಾಗೆಯೇ.

ಕಿತ್ತು ಬಂದೇಬಿಟ್ಟಿದ್ದರೆ? ಹೀಟ್ ಸಿಂಕನ್ನು ತಲೆಕೆಳಗಾಗಿ, ಪಿನ್ನುಗಳು ಮೇಲೆ ಬರುವಂತೆ ಮೇಜಿನ ಮೇಲಿಡಬೇಕು. ಪಿನ್ನುಗಳನ್ನು ಬೆರಳಿನಿಂದ ಸವರಬಾರದು. ಕೂದಲು ಒಣಗಿಸುವ ಡ್ರೈಯರಿನಿಂದ ಹೀಟ್ ಸಿಂಕಿನ ಲೋಹಕ್ಕೆ ಒಂದೆರಡು ನಿಮಿಷ ಬಿಸಿಗಾಳಿ ಕೊಟ್ಟು, ಕೈಗೆ ಚೆನ್ನಾಗಿ ಬೆಚ್ಚಗಾದಾಗ ಪ್ರೊಸೆಸರಿನ ಅಂಚುಗಳನ್ನಷ್ಟೇ ಹಿಡಿದು ತಿರುಗಿಸಲು ನೋಡಬೇಕು. ಪ್ರೊಸೆಸರುಗಳು 90 ಡಿಗ್ರಿಯ ಆಸುಪಾಸಿನವರೆಗೂ ಕೆಲಸ ಮಾಡುವಂತೆ ರೂಪಿಸಿದವಾದ್ದರಿಂದ ಇಷ್ಟು ಬಿಸಿಗೆ ಅಂಜಬೇಕಾಗಿಲ್ಲ. ಆಗಲೂ ಬಿಡದಿದ್ದರೆ ಹಲ್ಲಿನ ಸಂದು ಶುಚಿಗೊಳಿಸುವ ದಾರವನ್ನೋ ತೆಳುವಾದ ನೈಲಾನ್ ದಾರವನ್ನೋ ನಡುವಿನ ಸಂದಿಗೆ ತೂರಿಸಿ ಗರಗಸದಂತೆ ಹಿಂದೆಮುಂದೆ ಎಳೆಯುವುದು ಒಳ್ಳೆಯ ಉಪಾಯ. ತೀರಾ ಹಟ ಹಿಡಿದರೆ ಶೇಕಡಾ 90ಕ್ಕೂ ಮೀರಿದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಅಂಚಿನಲ್ಲಿ ಕೆಲವು ಹನಿ ಬಿಟ್ಟು ಕೆಲವು ನಿಮಿಷ ಕಾಯಬೇಕು. ಇದು ಥಟ್ಟನೆ ಹೊತ್ತಿಕೊಳ್ಳುವ ದ್ರವ. ಆದ್ದರಿಂದ ಹನಿ ಹಾಕಿದ ಮೇಲೆ ಪೂರ್ತಿ ಆರುವವರೆಗೆ ಡ್ರೈಯರನ್ನು ಮುಟ್ಟಬಾರದು, ದೇವರ ದೀಪವೂ ಹತ್ತಿರದಲ್ಲಿರಬಾರದು.

ಚಾಕು, ಬ್ಲೇಡು, ಸ್ಕ್ರೂಡ್ರೈವರುಗಳ ಮಾತೇ ಬೇಡ. ಗಮನಿಸಿ ನೋಡಿದರೆ ಅಲ್ಲಿ ಎರಡು ಸಂದುಗಳಿವೆ. ಒಂದು, ಹೀಟ್ ಸಿಂಕಿಗೂ ಪ್ರೊಸೆಸರಿನ ಲೋಹದ ಮುಚ್ಚಳಕ್ಕೂ ನಡುವಿನದು. ಇನ್ನೊಂದು, ಆ ಮುಚ್ಚಳಕ್ಕೂ ಪಿನ್ನುಗಳಿರುವ ಹಸಿರು ಹಲಗೆಗೂ ನಡುವಿನದು. ಅವಸರದಲ್ಲಿ ಎರಡನೆಯ ಸಂದಿಗೆ ಬ್ಲೇಡು ಹೊಕ್ಕರೆ ಮುಚ್ಚಳವೇ ಕಿತ್ತುಬಂದು ಪ್ರೊಸೆಸರಿನ ಕಥೆ ಮುಗಿಯಬಹುದು. ದಾರ ಹಾಕುವಾಗಲೂ ಇದನ್ನು ಎರಡು ಬಾರಿ ನೋಡಿಕೊಳ್ಳುವುದು ಲೇಸು.

ಬಿಡಿಸಿದ ಮೇಲೆ ಪಿನ್ನುಗಳ ಸಾಲನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಬಾಗಿದ ಪಿನ್ನಿದ್ದರೆ ಹಳೆಯ ಎಟಿಎಂ ಕಾರ್ಡನ್ನು ಸಾಲುಗಳ ನಡುವೆ ಇಟ್ಟು ನಯವಾಗಿ ನೆಟ್ಟಗೆ ಮಾಡಬಹುದು. (ಅವಧಿ ಮುಗಿದ ಕಾರ್ಡು ಬೀರುವಿನಲ್ಲಿ ಇಲ್ಲದ ಮನೆಯನ್ನು ನಾನಂತೂ ಕಂಡಿಲ್ಲ!) ಕಡ್ಡಿ ತೆಗೆದ 0.5 ಮಿಲಿಮೀಟರಿನ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯೊಳಗೆ ಪಿನ್ನನ್ನು ಸೇರಿಸಿ ಎತ್ತುವವರೂ ಇದ್ದಾರೆ. ಒಂದೇ ಸಲಕ್ಕೆ ನೆಟ್ಟಗಾಗಬೇಕೆಂದು ಹಟ ಹಿಡಿದರೆ ಮುರಿಯುತ್ತದೆ. ಮುರಿದರೆ ಬಲ್ಲವರ ಬಳಿ ಒಯ್ಯುವುದೊಂದೇ ದಾರಿ.

ಎರಡೂ ಮೈಗಳ ಹಳೆಯ ಪೇಸ್ಟನ್ನು ಅದೇ ಆಲ್ಕೊಹಾಲಿನಲ್ಲಿ ಅದ್ದಿದ, ನೂಲೇಳದ ಬಟ್ಟೆಯಿಂದ ಒರೆಸಬೇಕು. 2020ರಿಂದೀಚೆಗೆ ಮನೆಮನೆಯಲ್ಲೂ ಉಳಿದಿರುವ ಸ್ಯಾನಿಟೈಸರ್ ಇದಕ್ಕೆ ಆಗದು, ಅದರಲ್ಲಿ ಗ್ಲಿಸರಿನ್ ಮೊದಲಾದವು ಇರುತ್ತವೆ. ಇನ್ನು ಜೋಡಿಸುವಾಗ ಸನ್ನೆಯನ್ನು ಮೇಲೆತ್ತಿ, ಪ್ರೊಸೆಸರಿನ ಮೂಲೆಯ ತ್ರಿಕೋನದ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಬಿಟ್ಟರೆ ತನ್ನ ಭಾರದಿಂದಲೇ ಕೂರಬೇಕು. ಒತ್ತಬೇಕೆನಿಸಿದರೆ ಎಲ್ಲೋ ಪಿನ್ನು ಬಾಗಿದೆ ಎಂದೇ ಅರ್ಥ. ಸನ್ನೆಯನ್ನು ಇಳಿಸಿ, ಬಟಾಣಿಕಾಳಿನಷ್ಟು ಹೊಸ ಪೇಸ್ಟನ್ನು ನಡುವೆ ಇಟ್ಟು ಹೀಟ್ ಸಿಂಕನ್ನು ಕೂರಿಸಿದರೆ ಒತ್ತಡಕ್ಕೆ ಅದೇ ಹರಡಿಕೊಳ್ಳುತ್ತದೆ. ಫ್ಯಾನಿನ ತಂತಿಯನ್ನು ಸಿಕ್ಕಿಸಿ, ಯಂತ್ರ ಚಾಲೂ ಮಾಡಿ, ಬಯೋಸ್ ಪುಟದಲ್ಲಿ ಉಷ್ಣತೆಯನ್ನು ಕೆಲವು ನಿಮಿಷ ಗಮನಿಸಬೇಕು. ಏರುತ್ತಲೇ ಹೋದರೆ ಕೂಡಲೇ ನಿಲ್ಲಿಸಿ ಕ್ಲಿಪ್ಪು ಸರಿಯಾಗಿ ಕೂತಿದೆಯೇ ಎಂದು ನೋಡತಕ್ಕದ್ದು.

ಲ್ಯಾಪ್‌ಟಾಪಿಗೆ ಮೇಲೆ ಹೇಳಿದ ದಾರದ ಉಪಾಯ ಸಲ್ಲದು. ಅದರಲ್ಲಿ ಸಾಮಾನ್ಯವಾಗಿ ಲೋಹದ ಮುಚ್ಚಳವಿರದೆ ಸಿಲಿಕಾನಿನ ಬಿಲ್ಲೆ ಬರಿದಾಗಿಯೇ ಇರುತ್ತದೆ, ಅದರ ಮೂಲೆ ಗಾಜಿನಂತೆ ಚಕ್ಕೆಯೇಳುತ್ತದೆ.