ವೀರಗೃಹಸ್ಥ ಅರ್ಜನ್ ಸಿಂಗರು

ಹಿರಿಯರ ಪಾದಕ್ಕೆರಗಿದ ಮಕ್ಕಳಿಗೆ ದೊರೆಯುವ ಮೊದಲನೆಯ ಹರಕೆಯು ದೀರ್ಘಾಯುಷ್ಯದ್ದು. ನೂರ್ಕಾಲ ಬಾಳೆಂಬ ಈ ಮಾತನ್ನು ಕೇಳದೆ ಬೆಳೆದವರು ನಮ್ಮ ನಾಡಿನಲ್ಲಿ ವಿರಳ. ಆದರೆ ರಣರಂಗದಿಂದ ಮರಳಿದ ಯೋಧನ ದೀರ್ಘಾಯುಷ್ಯಕ್ಕೆ ಬೇರೊಂದು ಭಾರವುಂಟು. ಅವನ ಮಗ್ಗುಲಲ್ಲಿದ್ದವರು ಮರಳಲಿಲ್ಲ; ಅವನು ಮರಳಿದನು. ಮಡದಿ ಮಕ್ಕಳೊಡನೆ ಅವನು ಸುಖವಾಗಿ ಕಳೆದ ಒಂದೊಂದು ವರ್ಷವೂ ಮಡಿದವರ ಮನೆಗಳಲ್ಲಿ ಬರಿದಾಗಿ ಕಳೆದ ವರ್ಷವಾಗಿರುತ್ತದೆ. ಇಂತಹ ಆಯುಷ್ಯವನ್ನು ಪಡೆದವನು ಅದರ ಋಣವನ್ನು ಹೇಗೆ ಸಲ್ಲಿಸಬೇಕು? ತೊಂಬತ್ತೆಂಟು ವರ್ಷ ತುಂಬು ಬಾಳನ್ನು ಬಾಳಿದ ಭಾರತೀಯ ವಾಯುಸೇನೆಯ ಮಾರ್ಷಲ್ ಅರ್ಜನ್ ಸಿಂಗರ ಚರಿತ್ರೆಯು ಈ ಪ್ರಶ್ನೆಗೆ ಯೋಗ್ಯವಾದ ಉತ್ತರವನ್ನು ಕೊಡುತ್ತದೆ.

ಇವರು ೧೯೧೯ನೆಯ ಇಸವಿ ಏಪ್ರಿಲ್ ೧೫ರಂದು ಪಂಜಾಬಿನ ಲಾಯಲ್‌ಪುರದಲ್ಲಿ ಸಿಖ್ಖರ ಮನೆತನವೊಂದರಲ್ಲಿ ಜನಿಸಿದರು. ಇವರ ತಂದೆ ಅಜ್ಜಂದಿರು ಕುದುರೆಯ ದಂಡಿನಲ್ಲಿ ದುಡಿದವರಾದುದರಿಂದ ಶಿಸ್ತೆಂಬುದು ಇವರಿಗೆ ಮನೆಯಲ್ಲಿಯೇ ಲಭಿಸಿದ ವಿದ್ಯೆಯಾಗಿತ್ತು. ಲಾಹೋರಿನ ಸರಕಾರಿ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದ ತರುಣನು ೧೯೩೮ರಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ವೆಲ್ ವಿಮಾನ ವಿದ್ಯಾಲಯಕ್ಕೆ ಆಯ್ಕೆಯಾದನು. ಕುದುರೆಯೇರಿದವರ ವಂಶದಲ್ಲಿ ಹುಟ್ಟಿದವನು ಹೀಗೆ ಆಕಾಶವನ್ನೇರಿದನು.

೧೯೪೪ರಲ್ಲಿ ಜಪಾನೀಯರ ಸೈನ್ಯವು ಬ್ರಹ್ಮದೇಶವನ್ನು ದಾಟಿ ಮಣಿಪುರದ ಇಂಫಾಲವನ್ನು ಮುತ್ತಿತು. ನೆಲದ ಮಾರ್ಗಗಳು ಕಡಿದು ಹೋಗಿ, ನಗರದ ಪ್ರಾಣವು ವಿಮಾನಗಳ ಮೇಲೆ ನಿಂತಿದ್ದಿತು. ಆಗ ಇಪ್ಪತ್ತೈದರ ಪ್ರಾಯದ ಅರ್ಜನ್ ಸಿಂಗರು ವಾಯುಸೇನೆಯ ಒಂದನೆಯ ದಳಕ್ಕೆ ನಾಯಕರಾಗಿದ್ದರು. ಮಳೆ ಮೋಡಗಳಿಂದ ಕವಿದ ಬೆಟ್ಟಗಳ ನಡುವೆ ತಗ್ಗಾಗಿ ಹಾರಿ ಶತ್ರುವಿನ ಚಲನವಲನವನ್ನು ಅರಿಯುವುದೂ ಅವನ ಮೇಲೆರಗುವುದೂ ಈ ದಳದ ಕಾರ್ಯವಾಗಿತ್ತು. ಆ ವರ್ಷವೇ ಸೇನಾಧಿಪತಿ ಮೌಂಟ್‌ಬ್ಯಾಟನ್ನರು ಸ್ವತಃ ಬಂದು ಇವರ ಎದೆಗೆ ಶೌರ್ಯಪದಕವನ್ನು ತೊಡಿಸಿದರು.

೧೯೪೭ನೆಯ ಆಗಸ್ಟ್ ೧೫ರಂದು ದಿಲ್ಲಿಯ ಕೆಂಪು ಕೋಟೆಯ ಮೇಲೆ ಸಾಗಿದ ನೂರಕ್ಕೂ ಮಿಕ್ಕಿದ ವಿಮಾನಗಳ ಸಾಲಿಗೆ ಇವರೇ ಮುಂದಾಳು. ಆದರೆ ಆ ಹೊತ್ತಿಗೆ ಇವರ ಹುಟ್ಟೂರು ಗಡಿಯಾಚೆಗಿನ ಮತ್ತೊಂದು ರಾಷ್ಟ್ರದ ಪಾಲಾಗಿದ್ದಿತು. ಮರುವರ್ಷ ತೇಜಿಯವರನ್ನು ವರಿಸಿ ಗೃಹಸ್ಥರಾದರು. ಮೂವರು ಮಕ್ಕಳಾದರು. ಅಂದಿನಿಂದ ಅರುವತ್ತು ವರ್ಷಗಳಿಗೂ ಮೀರಿ ಆ ದಂಪತಿಗಳು ಕೂಡಿ ಬಾಳಿದರು.

೧೯೬೪ರ ಆಗಸ್ಟ್ ತಿಂಗಳಲ್ಲಿ ನಲವತ್ತೈದರ ವಯಸ್ಸಿನಲ್ಲಿ ಅರ್ಜನ್ ಸಿಂಗರು ವಾಯುಸೇನೆಯ ಮುಖ್ಯಸ್ಥರಾದರು. ಮರುವರ್ಷ ಸೆಪ್ಟೆಂಬರ್ ೧ರಂದು ಪಾಕಿಸ್ತಾನದ ರಣಗಾಡಿಗಳು ಛಂಬ್ ಪ್ರದೇಶವನ್ನು ಹೊಕ್ಕು ಅಖ್ನೂರಿನತ್ತ ಮುನ್ನುಗ್ಗಿದವು. ವಿಮಾನಗಳು ಎಷ್ಟು ಹೊತ್ತಿನಲ್ಲಿ ಸಿದ್ಧವಾದಾವೆಂದು ರಕ್ಷಣಾಮಂತ್ರಿ ಯಶವಂತರಾವ್ ಚವ್ಹಾಣರು ಕೇಳಿದರು. ಒಂದು ಗಂಟೆ ಸಾಕೆಂದು ಇವರು ಉತ್ತರವಿತ್ತರು. ಕೊಟ್ಟ ಮಾತು ಸಲ್ಲಿತು. ಆದರೆ ಅಂದಿನ ಸಂಜೆಯೇ ನಾಲ್ಕು ವಿಮಾನಗಳು ನೆಲೆಗೆ ಮರಳಲಿಲ್ಲ. ಆಜ್ಞೆಯನ್ನಿತ್ತವರು ಮನೆಗೆ ಹಿಂದಿರುಗಿ ಮಕ್ಕಳ ಮುಖವನ್ನು ನೋಡುವರು. ಆಜ್ಞೆಯನ್ನು ಪಾಲಿಸಿದವರಲ್ಲಿ ಕೆಲವರಿಗೆ ಆ ಭಾಗ್ಯವಿಲ್ಲ. ಸೇನಾನಾಯಕನಾದ ಪ್ರತಿಯೊಬ್ಬ ಗೃಹಸ್ಥನೂ ಹೊರಲೇಬೇಕಾದ ಹೊರೆಯಿದು.

ಆ ಯುದ್ಧದಲ್ಲಿ ಕನ್ನಡ ನಾಡಿನ ಮನೆಗಳಿಗೂ ಈ ನೋವು ತಟ್ಟಿತು. ಸೆಪ್ಟೆಂಬರ್ ೭ರಂದು ಸರ್ಗೋಧಾ ವಿಮಾನ ನೆಲೆಯ ಮೇಲೆ ನಡೆದ ದಾಳಿಯಲ್ಲಿ ಕೊಡಗಿನ ವೀರ ಅಜ್ಜಮಾಡ ದೇವಯ್ಯನವರು ಸೇರಿದ್ದರು. ಇಂಫಾಲದಲ್ಲಿ ಅರ್ಜನ್ ಸಿಂಗರು ನಡೆಸಿದ್ದ ಆ ಒಂದನೆಯ ದಳಕ್ಕೇ ಇವರೂ ಸೇರಿದವರು. ತಮ್ಮದಕ್ಕಿಂತ ಬಹು ವೇಗವುಳ್ಳ ಶತ್ರು ವಿಮಾನದ ಗುಂಡೇಟಿಗೆ ಸಿಕ್ಕಿಯೂ ದೇವಯ್ಯನವರು ಹಿಮ್ಮೆಟ್ಟದೆ ಅದನ್ನು ಕೆಡವಿ ತಾವೂ ಮಡಿದರು. ಈ ಸಂಗತಿಯು ಬಹುಕಾಲ ಬೆಳಕಿಗೆ ಬರಲಿಲ್ಲ. ೧೯೮೮ರಲ್ಲಿ, ಎಂದರೆ ಇಪ್ಪತ್ತಮೂರು ವರ್ಷಗಳ ತರುವಾಯ, ಅವರಿಗೆ ಮರಣೋತ್ತರವಾಗಿ ಮಹಾವೀರಚಕ್ರವು ಸಂದಿತು.

ಅದೇ ತಿಂಗಳ ೨೨ರಂದು ಜನರಲ್ ಕಾರ್ಯಪ್ಪನವರ ಪುತ್ರರ ವಿಮಾನವು ಉರುಳಿ, ಅವರು ಪಾಕಿಸ್ತಾನದ ಸೆರೆಯಾಳಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಹಿಂದೊಮ್ಮೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಆ ಪರಿಚಯದಿಂದ ಅವರು ಮಗನನ್ನು ಬಿಟ್ಟು ಕಳುಹಿಸಲು ಮುಂದಾದರೆ, ಸೆರೆಯಲ್ಲಿರುವ ಸೈನಿಕರೆಲ್ಲರೂ ತಮ್ಮ ಮಕ್ಕಳೇ, ತಮ್ಮೊಬ್ಬ ಮಗನಿಗೆ ವಿಶೇಷವೇನೂ ಬೇಡವೆಂದು ತಂದೆಯು ತಿಳಿಸಿದರು. ಮಡಿಕೇರಿಯ ಮನೆಯಲ್ಲಿ ಕುಳಿತ ಒಬ್ಬ ತಂದೆಯು ಹೀಗೆ ಹೇಳಬಲ್ಲವರಾದರೆ, ಅಂತಹ ಮಕ್ಕಳನ್ನು ಕಳುಹಿಸಿದ ದಂಡನಾಯಕರ ಹೊಣೆಯು ಎಷ್ಟು ಹಿರಿದೆಂಬುದನ್ನು ವಾಚಕರೇ ಊಹಿಸಬಹುದು.

ಯುದ್ಧಾನಂತರ ಅರ್ಜನ್ ಸಿಂಗರಿಗೆ ಪದ್ಮವಿಭೂಷಣ ಬಿರುದು ದೊರೆಯಿತು. ೧೯೬೯ರಲ್ಲಿ ಅವರು ನಿವೃತ್ತಿ ಹೊಂದಿದರು. ಬಳಿಕ ಸ್ವಿಟ್ಜರ್ಲೆಂಡಿನಲ್ಲಿ ರಾಯಭಾರಿಯಾಗಿಯೂ, ಕೀನ್ಯಾದಲ್ಲಿ ಹೈಕಮಿಷನರ್ ಆಗಿಯೂ, ಮುಂದೆ ದಿಲ್ಲಿಯ ಉಪರಾಜ್ಯಪಾಲರಾಗಿಯೂ ದೇಶಕ್ಕೆ ದುಡಿದರು. ೨೦೦೨ನೆಯ ಜನವರಿಯಲ್ಲಿ ವಾಯುಸೇನೆಯ ಮಾರ್ಷಲ್ ಎಂಬ ಅತ್ಯುನ್ನತ ಪದವಿಯು ಅವರಿಗೆ ಸಂದಿತು. ಭೂಸೇನೆಯ ಫೀಲ್ಡ್ ಮಾರ್ಷಲ್ ಪದವಿಗೆ ಸಮನಾದ ಈ ಗೌರವವು ವಾಯುಸೇನೆಯಲ್ಲಿ ಅವರೊಬ್ಬರಿಗಲ್ಲದೆ ಮತ್ತಾರಿಗೂ ದೊರೆತಿಲ್ಲ.

ಆದರೆ ಈ ಮಾನ್ಯತೆಗಳಿಗಿಂತಲೂ ಹಿರಿದಾದ ಕಾರ್ಯವೊಂದನ್ನು ಅವರು ಮುಪ್ಪಿನಲ್ಲಿ ಮಾಡಿದರು. ದಿಲ್ಲಿಯ ಬಳಿಯಲ್ಲಿದ್ದ ತಮ್ಮ ಹೊಲವನ್ನು ಮಾರಿ, ಬಂದ ಹಣದಲ್ಲಿ ಎರಡು ಕೋಟಿ ರೂಪಾಯಿಗಳನ್ನು ವಾಯುಸೇನೆಯ ನಿವೃತ್ತರ ಕ್ಷೇಮಕ್ಕಾಗಿ ನಿಧಿಯಾಗಿರಿಸಿದರು. ಭೂಮಿಯೆಂಬುದು ಮಕ್ಕಳಿಗೆ ಸಲ್ಲುವ ಸ್ವತ್ತೆಂದು ಲೋಕವು ಬಗೆಯುತ್ತದೆ. ಅದರಲ್ಲಿಯೂ ಪಂಜಾಬಿನ ಒಕ್ಕಲು ಮನೆತನದವರಿಗೆ ಹೊಲವು ಪ್ರಾಣಕ್ಕೆ ಸಮಾನ. ತಮ್ಮ ಮಕ್ಕಳಲ್ಲಿ ಅಕ್ಕರೆಯುಳ್ಳ ಗೃಹಸ್ಥನೊಬ್ಬನು ಅಂತಹ ಸ್ವತ್ತನ್ನು ತನ್ನೊಡನೆ ದುಡಿದವರ ಮನೆಗಳಿಗೆ ಹಂಚಿದನೆಂದರೆ, ಅವನು ಸಂಸಾರದ ಎಲ್ಲೆಯನ್ನೇ ಹಿಗ್ಗಿಸಿದನೆಂದು ತಿಳಿಯಬೇಕು.

೨೦೧೧ರಲ್ಲಿ ಪತ್ನಿಯು ಅಗಲಿದರು. ದೇಹವು ಬಳಲಿ ಗಾಲಿಕುರ್ಚಿಯ ಆಸರೆಯು ಬೇಕಾಯಿತು. ೨೦೧೫ನೆಯ ಜುಲೈ ೨೮ರಂದು, ಹಿಂದಿನ ದಿನ ನಿಧನ ಹೊಂದಿದ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಪಾರ್ಥಿವ ಶರೀರವನ್ನು ದಿಲ್ಲಿಯ ಪಾಲಂ ವಿಮಾನ ನೆಲೆಗೆ ತಂದಾಗ, ತೊಂಬತ್ತಾರರ ಈ ವೃದ್ಧರು ಅಲ್ಲಿಗೆ ಬಂದರು. ಕುಳಿತೇ ವಂದಿಸಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅವರು ಕುರ್ಚಿಯಿಂದ ಎದ್ದು ನಿಂತು ಸೈನಿಕ ವಂದನೆಯನ್ನು ಸಲ್ಲಿಸಿದರು. ೨೦೧೭ನೆಯ ಸೆಪ್ಟೆಂಬರ್ ೧೬ರಂದು ಅವರ ಬಾಳು ಮುಗಿಯಿತು.

ಇಂಫಾಲದ ಬೆಟ್ಟಗಳಲ್ಲಿಯೂ ಛಂಬಿನ ಬಯಲಿನಲ್ಲಿಯೂ ಅಳಿದ ತರುಣರಿಗೆ ಮುಪ್ಪೆಂಬುದು ಬರಲೇ ಇಲ್ಲ. ಅರ್ಜನ್ ಸಿಂಗರಿಗೆ ಬಂದಿತು. ಬಂದುದನ್ನು ಅವರು ತಮ್ಮೊಬ್ಬರದೆಂದು ಎಣಿಸಲಿಲ್ಲ. ಹಿರಿಯರಿಂದ ನೂರ್ಕಾಲದ ಹರಕೆಯನ್ನು ಪಡೆಯುವ ನಾವೆಲ್ಲರೂ, ಆ ನೂರು ವರ್ಷಗಳಲ್ಲಿ ಪರರ ಮನೆಗೆ ಸಲ್ಲಬೇಕಾದವು ಎಷ್ಟೆಂಬುದನ್ನು ಎಣಿಸಿಕೊಂಡು ಬಾಳಿದರೆ ಆ ಹರಕೆಯು ಸಾರ್ಥಕವಾಗುವುದು.